ಎರಡು ವಾರದ ಅಕ್ಕ

ಮಕ್ಕಳೆಂದರೆ ನಿಮಗೆ ಪ್ರಾಣ ಎಂಬುದು ಪತ್ರದಲ್ಲೇ ಗೊತ್ತಾಗುತ್ತದೆ. ಆದರೂ ಎರಡು ವಾರ ಸ್ವಯಂಸೇವೆ ಮಾಡಲೆಂದು ಕಠ್ಮಂಡುವಿನ ಆ ಅನಾಥಾಶ್ರಮಕ್ಕೆ ದುಡ್ಡು ಕಟ್ಟಬೇಡಿ. ಪೊಲೀಸ್ ಪ್ರಮಾಣಪತ್ರ ಕೇಳದೆ, ಬರೀ ಶುಲ್ಕ ಕೇಳಿದರು ಎಂದಿದ್ದೀರಲ್ಲ, ಅನುಮಾನ ಪಡಲು ಅದೊಂದೇ ಸಾಕು.

ನೇಪಾಳದ ಬಾಲಗೃಹಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. 1996ರಿಂದ 2006ರವರೆಗಿನ ಮಾವೋವಾದಿ ಸಂಘರ್ಷದ ದಿನಗಳಲ್ಲಿ ದಲ್ಲಾಳಿಗಳು ಹುಮ್ಲಾದಂಥ ಗುಡ್ಡಗಾಡಿಗೆ ಹೋಗಿ, ‘ಮಗುವನ್ನು ಪಟ್ಟಣದಲ್ಲಿ ಓದಿಸುತ್ತೇವೆ’ ಎಂದು ನಂಬಿಸಿ, ಹೆತ್ತವರಿಂದಲೇ ಹಣ ಕಿತ್ತು ಮಕ್ಕಳನ್ನು ಕರೆತಂದರು. ಬದುಕಿದ್ದ ಅಪ್ಪ ಅಮ್ಮನನ್ನು ಕಾಗದದ ಮೇಲೆ ಸಾಯಿಸಿದರು. ಸಂಘರ್ಷ ನಿಂತರೂ ದಂಧೆ ನಿಲ್ಲಲಿಲ್ಲ. ಅಲ್ಲಿ ಬಾಲಗೃಹಗಳು ಕಿಕ್ಕಿರಿದಿರುವುದು ಕಡುಬಡ ಜಿಲ್ಲೆಗಳಲ್ಲಲ್ಲ. ಕಠ್ಮಂಡು, ಪೋಖರಾ, ಚಿತ್ವನ್‌ನಂಥ ಪ್ರವಾಸಿಗರು ಸುಳಿಯುವ ಕಡೆ. ಯಾಕೆಂದು ಬಿಡಿಸಿ ಹೇಳಬೇಕೆ? 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ತನ್ನ ನಿರ್ಣಯದಲ್ಲಿ ಇಂಥ ‘ಸೇವಾ ಪ್ರವಾಸ’ದ ಅಪಾಯವನ್ನು ಪ್ರಸ್ತಾಪಿಸಿತು.

ಆ ಆಶ್ರಮದ ವಿಡಿಯೊದಲ್ಲಿ ಮಕ್ಕಳು ಓಡಿಬಂದು ತಬ್ಬಿಕೊಂಡರು ಎಂದು ಕರಗಿದ್ದೀರಿ. ಗುರುತಿಲ್ಲದವರ ತೊಡೆಯೇರುವ ಮಗು ಖುಷಿಯಾಗಿದೆ ಎಂದೇನಲ್ಲ. ಬಂದವರೆಲ್ಲ ಬಿಟ್ಟುಹೋಗುವುದನ್ನು ಕಂಡು ಕಂಡು ಹಾಗಾಗಿರಬಹುದು. ಎರಡು ವಾರ ಅಕ್ಕನಾಗಿದ್ದು ನೀವೂ ಹೊರಡುತ್ತೀರಿ.

ರಜೆ ಸಿಕ್ಕಿದೆ, ನೇಪಾಳಕ್ಕೆ ಹೋಗಿ ಬೆಟ್ಟ ಹತ್ತಿ ಬನ್ನಿ. ಆ ಶುಲ್ಕದ ಹಣವನ್ನು ಮಕ್ಕಳನ್ನು ಮನೆಗೆ ಮರಳಿಸುವ ಸಂಸ್ಥೆಗೆ ಕೊಡಿ. ಊರಿಗೆ ಬಂದಮೇಲೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೊಮ್ಮೆ ಹೋಗಿ, ಬಡ ಮನೆಯ ಮಗು ಮನೆಯಲ್ಲೇ ಉಳಿಯಲು ಏನು ಮಾಡಬಹುದು ಎಂದು ಕೇಳಿ. ವಾರಕ್ಕೊಂದು ಸಂಜೆ ಕೊಟ್ಟರೂ ಸಾಕು, ಆದರೆ ವರ್ಷಗಟ್ಟಲೆ.