ಕಲ್ಲಿನಲ್ಲಿ ಬರೆದ ಕಾಲ: ಕಮಲಾಪುರದ ಸುತ್ತಣ ಶಿಲೆಗಳು ಹೇಳುವ ಭೂಚರಿತ್ರೆ

ಕಮಲಾಪುರದಿಂದ ಹಂಪಿಯತ್ತ ಹೊರಟ ಯಾತ್ರಿಕನ ಕಣ್ಣನ್ನು ದೇವಾಲಯದ ಗೋಪುರಕ್ಕಿಂತ ಮೊದಲು ಸೆಳೆಯುವುದು ಬಂಡೆಗಳ ರಾಶಿ. ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿರುವ ಈ ಹೆಬ್ಬಂಡೆಗಳನ್ನು ವಾಲಿಸುಗ್ರೀವರು ಕಾದಾಡುವಾಗ ಎಸೆದರೆಂದು ಈ ನಾಡಿನ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಕಥೆಯ ಸೊಗಸು ಕಥೆಗಿರಲಿ. ಅದರೊಳಗೆ ಯೋಗ್ಯವಾದ ಪ್ರಶ್ನೆಯೊಂದು ಅಡಗಿದೆ. ಈ ಕಲ್ಲುಗಳು ಇಲ್ಲಿಗೆ ಬಂದದ್ದು ಹೇಗೆ? ಯಾವಾಗ? 1336ರಿಂದ 1565ರವರೆಗೆ ಇಲ್ಲಿ ಮೆರೆದ ಸಾಮ್ರಾಜ್ಯದ ಚರಿತ್ರೆಯನ್ನು ಶಾಸನಗಳಿಂದ ಓದಿ ತಿಳಿಯುವಂತೆ, ಶಾಸನ ಕೊರೆದ ಕಲ್ಲಿನ ಸ್ವಂತ ಚರಿತ್ರೆಯನ್ನೂ ಓದಲು ಸಾಧ್ಯವಿದೆ. ಅದಕ್ಕೆ ಬೇಕಾದುದು ಆ ಲಿಪಿಯ ಪರಿಚಯ ಮಾತ್ರ.

ಪದರಗಳ ನ್ಯಾಯ

ಈ ಲಿಪಿಯ ಮೊದಲ ಅಕ್ಷರವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ನೀರು ನಿಲ್ಲಲು ಅವಕಾಶವಿದ್ದಿತು. 2016ರ ಅಳತೆಯಲ್ಲಿ ಅದು ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದಿರುವುದು ಕಂಡುಬಂದಿತು. ಉಳಿದ ಸ್ಥಳವನ್ನು ಹೂಳು ಆಕ್ರಮಿಸಿದೆ. ಪ್ರತಿ ಮುಂಗಾರಿನಲ್ಲಿಯೂ ನದಿ ಹೊತ್ತು ತಂದ ಮಣ್ಣುಮರಳು ಹಿಂದಿನ ವರ್ಷದ ಹೂಳಿನ ಮೇಲೆ ಹೊಸದೊಂದು ಹೊದಿಕೆಯಾಗಿ ಕೂರುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಈ ಸರಳ ಸತ್ಯವನ್ನು 1669ರಲ್ಲಿ ನಿಕೊಲಾಸ್ ಸ್ಟೆನೊ ಎಂಬ ವಿದ್ವಾಂಸನು ನಿಯಮವಾಗಿ ನಿರೂಪಿಸಿದನು. ಹೂಳು ಲಕ್ಷಾಂತರ ವರ್ಷ ಒತ್ತಡಕ್ಕೆ ಸಿಲುಕಿ ಗಟ್ಟಿಯಾದರೆ ಪದರಶಿಲೆಯಾಗುತ್ತದೆ. ಹೂಳಿನಲ್ಲಿ ಹುದುಗಿದ ಚಿಪ್ಪು, ಎಲುಬು, ಎಲೆಗಳು ಕೊಳೆಯದೆ ಉಳಿದು ಅಚ್ಚೊತ್ತಿದರೆ ಅಥವಾ ಖನಿಜವಾಗಿ ಮಾರ್ಪಟ್ಟರೆ ಅವೇ ಪಳೆಯುಳಿಕೆಗಳು.

ಇಂಗ್ಲೆಂಡಿನಲ್ಲಿ ಕಾಲುವೆಗಳ ಮೋಜಣಿ ಮಾಡುತ್ತಿದ್ದ ವಿಲಿಯಂ ಸ್ಮಿತ್ ಎಂಬವನು, ಒಂದೊಂದು ಪದರಕ್ಕೂ ಅದರದೇ ಆದ ಪಳೆಯುಳಿಕೆಗಳಿರುವುದನ್ನೂ, ಅವು ಎಲ್ಲಿ ನೋಡಿದರೂ ಅದೇ ಅನುಕ್ರಮದಲ್ಲಿ ಬರುವುದನ್ನೂ ಗಮನಿಸಿದನು. ದೂರದೂರದ ಎರಡು ಊರುಗಳ ಪದರಗಳನ್ನು ಅವುಗಳೊಳಗಿನ ಜೀವಿಗಳ ಗುರುತಿನಿಂದ ಹೊಂದಿಸಬಹುದೆಂದು ತಿಳಿದು, 1815ರಲ್ಲಿ ದೇಶದ ಭೂವೈಜ್ಞಾನಿಕ ನಕಾಶೆಯನ್ನೇ ಪ್ರಕಟಿಸಿದನು. ನಾಣ್ಯದ ಮೇಲಿನ ಮುದ್ರೆಯಿಂದ ಅರಸನ ಕಾಲವನ್ನು ತಿಳಿಯುವ ರೀತಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಹಂಪಿಯ ಬಂಡೆಯಲ್ಲಿ ಪಳೆಯುಳಿಕೆ ಏಕಿಲ್ಲ?

ಹಾಗಾದರೆ ಹಂಪಿಯ ಬಂಡೆಗಳನ್ನು ಒಡೆದರೆ ಒಂದಾದರೂ ಚಿಪ್ಪು ಸಿಕ್ಕೀತೆ? ಸಿಕ್ಕದು. ಅವು ಹೂಳಿನಿಂದ ಹುಟ್ಟಿದವಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಶಿಲಾರಸವು ನಿಧಾನವಾಗಿ ಆರಿ ಹರಳುಗಟ್ಟಿದಾಗ ಈ ಗ್ರಾನೈಟ್ ಉಂಟಾಯಿತು. ಇಂದಿನ ರಾಮನಗರಕ್ಕಿದ್ದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯಲಾಗುವ ಉದ್ದನೆಯ ಶಿಲಾಪಟ್ಟಿಯೂ ಹೆಚ್ಚುಕಡಿಮೆ ಇದೇ ಕಾಲದ್ದು. ಮೇಲಿದ್ದ ಶಿಲಾಭಾರವನ್ನು ಮಳೆಗಾಳಿಗಳು ಕೋಟಿಗಟ್ಟಲೆ ವರ್ಷ ಸವೆಸಿ ತೆಗೆದ ಮೇಲೆ ಗ್ರಾನೈಟ್ ಹಿಗ್ಗಿ ಬಿರುಕುಬಿಟ್ಟಿತು. ಬಿರುಕಿನೊಳಗೆ ಇಳಿದ ನೀರು ಕಲ್ಲಿನ ಫೆಲ್ಡ್‌ಸ್ಪಾರ್ ಹರಳುಗಳನ್ನು ಜೇಡಿಯಾಗಿ ಮಾರ್ಪಡಿಸಿತು. ಮೂರು ಕಡೆಯಿಂದ ನೀರಿಗೆ ಒಡ್ಡಿಕೊಂಡ ಮೂಲೆಗಳು ಬೇಗ ಸವೆದವು; ಒಳಗಿನ ತಿರುಳು ದುಂಡಾಗಿ ಉಳಿಯಿತು. ಸಡಿಲ ಮಣ್ಣು ಕೊಚ್ಚಿಹೋದ ಬಳಿಕ ತಿರುಳುಗಳು ಒಂದರ ಮೇಲೊಂದು ಕುಳಿತವು. ಎಸೆದ ಕೈಗಳು ಯಾವುವೂ ಇಲ್ಲ. ಬಂಡೆಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇವೆ, ಅವುಗಳ ಸುತ್ತಲಿನದು ಹೊರಟುಹೋಗಿದೆ.

ಸಂಡೂರಿನ ಬೆಟ್ಟಗಳ ಸಾಕ್ಷ್ಯ

ಕಮಲಾಪುರದ ದಕ್ಷಿಣಕ್ಕಿರುವ ಸಂಡೂರಿನ ಬೆಟ್ಟಸಾಲುಗಳ ಕಥೆ ಬೇರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯನ್ನು ಸುತ್ತಿ, 1895ರಲ್ಲಿ ಅದರ ಭೂವಿಜ್ಞಾನವನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಈ ಬಗೆಯ ಪ್ರಾಚೀನ ಶಿಲಾಶ್ರೇಣಿಗೆ 'ಧಾರವಾಡ' ಎಂಬ ಹೆಸರನ್ನಿತ್ತು ಜಗತ್ತಿನ ವಿಜ್ಞಾನಗ್ರಂಥಗಳಲ್ಲಿ ಕನ್ನಡ ನಾಡಿನ ಊರೊಂದನ್ನು ಶಾಶ್ವತಗೊಳಿಸಿದವರೂ ಅವರೇ.

ಸಂಡೂರಿನ ಶಿಲೆಗಳಲ್ಲಿ ಸಮುದ್ರದ ತಳದಲ್ಲಿ ಸಂಚಯವಾದ ಪದರಗಳಿವೆ, ಜ್ವಾಲಾಮುಖಿಗಳು ಉಗುಳಿದ ಲಾವಾ ಇದೆ, ಕಬ್ಬಿಣದ ಕೆಂಪು ಪಟ್ಟೆಗಳೂ ಮ್ಯಾಂಗನೀಸ್ ಅದಿರೂ ಇವೆ. 1980ರ ದಶಕದಲ್ಲಿ ಇಲ್ಲಿ ಸ್ಟ್ರೊಮಾಟೊಲೈಟ್ ಎಂಬ ರಚನೆಗಳು ವಿಜ್ಞಾನಿಗಳ ಗಮನಕ್ಕೆ ಬಂದವು. ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಚಾಪೆಯಂತೆ ಹರಡಿಕೊಂಡು, ಮೇಲೆ ಬಿದ್ದ ಕೆಸರನ್ನು ಹಿಡಿದಿಟ್ಟು, ಬೆಳಕಿಗಾಗಿ ಮತ್ತೆ ಮೇಲೇರಿ ಬೆಳೆಯುತ್ತ ಕಟ್ಟಿದ ಗುಮ್ಮಟಗಳಿವು. ಪಾಠ ಹೇಳುವವರಿಗೆ ಇದರಲ್ಲಿ ಇನ್ನೊಂದು ಪ್ರಯೋಜನವುಂಟು. ಸಂಡೂರಿನ ಪದರಗಳು ಮಡಿಕೆಬಿದ್ದು ಎಷ್ಟೋ ಕಡೆ ನೆಟ್ಟಗೆ ನಿಂತಿವೆ. ಅಂತಹಲ್ಲಿ ಯಾವುದು ಮೊದಲು ಮೇಲಾಗಿತ್ತು, ಯಾವುದು ಕೆಳಗಾಗಿತ್ತು ಎಂದು ಹೇಳುವುದೆಂತು? ಗುಮ್ಮಟದ ಉಬ್ಬು ಯಾವ ಕಡೆಗಿದೆಯೋ ಅದೇ ಹಿಂದಿನ ಆಕಾಶದ ದಿಕ್ಕು.

ಸೂರ್ಯನ ಬೆಳಕಿನಿಂದ ಆಹಾರ ತಯಾರಿಸುವ ಇಂತಹ ಜೀವಿಗಳು ಆಮ್ಲಜನಕವನ್ನು ಬಿಟ್ಟುಕೊಟ್ಟವು. ಕಡಲನೀರಿನಲ್ಲಿ ಕರಗಿದ್ದ ಕಬ್ಬಿಣ ಅದರೊಡನೆ ಸೇರಿ ತುಕ್ಕಾಗಿ ತಳಕ್ಕಿಳಿದು ಪಟ್ಟೆಪಟ್ಟೆಯ ಅದಿರಾಯಿತೆಂಬುದು ಇಂತಹ ಅದಿರಿಗೆ ವಿಜ್ಞಾನಿಗಳು ನೀಡುವ ಪ್ರಮುಖ ವಿವರಣೆಗಳಲ್ಲಿ ಒಂದು. ಕಣ್ಣಿಗೆ ಕಾಣದ ಜೀವಿಯ ಉಸಿರು ಕಬ್ಬಿಣದ ಬೆಟ್ಟವಾಗಿ ನಿಂತಿತೆಂಬ ಮಾತು ಕವಿಕಲ್ಪನೆಯಂತೆ ಕೇಳಿಸಿದರೂ ಅದಕ್ಕೆ ಕಲ್ಲೇ ಆಧಾರ.

ವಯಸ್ಸಿನ ಗಣನೆ

ಸಂಡೂರಿನ ಶಿಲೆ ಹಿರಿಯದೋ, ಸುತ್ತಲಿನ ಗ್ರಾನೈಟ್ ಹಿರಿಯದೋ? ಇದಕ್ಕೂ ಸರಳವಾದ ನಿಯಮವಿದೆ. ಸೀಳಿಕೊಂಡು ನುಗ್ಗಿದ್ದು ಕಿರಿಯದು, ಸೀಳಿಸಿಕೊಂಡದ್ದು ಹಿರಿಯದು. ಗ್ರಾನೈಟ್ ಸಂಡೂರು ಶಿಲೆಗಳ ಅಂಚಿನಲ್ಲಿ ನುಗ್ಗಿರುವುದರಿಂದ ಅದೇ ಕಿರಿಯದು. ಆ ಗ್ರಾನೈಟನ್ನೂ ಬಳ್ಳಾರಿ ಸೀಮೆಯಲ್ಲಿ ಅಲ್ಲಲ್ಲಿ ಕಪ್ಪು ಡಾಲರೈಟ್ ಗೋಡೆಗಳು ಸೀಳಿವೆ. ಅವು ಇನ್ನೂ ಕಿರಿಯವು.

ವರ್ಷಗಳ ಲೆಕ್ಕ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಜಿರ್ಕಾನ್ ಎಂಬ ಪುಟ್ಟ ಹರಳಿನಲ್ಲಿ ಸೆರೆಯಾದ ಯುರೇನಿಯಂ ಒಂದೇ ಗತಿಯಲ್ಲಿ ಸೀಸವಾಗಿ ಮಾರ್ಪಡುತ್ತದೆ. ಯುರೇನಿಯಂ-238ರಲ್ಲಿ ಅರ್ಧದಷ್ಟು ಮಾರ್ಪಡಲು ಸುಮಾರು 447 ಕೋಟಿ ವರ್ಷ ಬೇಕು. ಉಳಿದ ಯುರೇನಿಯಂ ಎಷ್ಟು, ಹುಟ್ಟಿದ ಸೀಸ ಎಷ್ಟು ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. ಸಂಡೂರಿನ ಜ್ವಾಲಾಮುಖಿ ಶಿಲೆಗಳಿಗೆ ಹೀಗೆ ದೊರೆತ ವಯಸ್ಸು 265ರಿಂದ 270 ಕೋಟಿ ವರ್ಷಗಳ ಆಸುಪಾಸಿನದು. ಕಣ್ಣಿನಿಂದ ನೋಡಿ ಮಾಡಿದ ನಿರ್ಣಯವೂ ಯಂತ್ರದಿಂದ ಮಾಡಿದ ಅಳತೆಯೂ ಒಂದೇ ಉತ್ತರವನ್ನು ಕೊಟ್ಟಾಗ ಆ ಉತ್ತರದಲ್ಲಿ ನಂಬಿಕೆ ಇಮ್ಮಡಿಯಾಗುತ್ತದೆ.

ಕಾಣೆಯಾದ ಪುಟಗಳು

ಆದರೆ ಕಮಲಾಪುರದ ಗ್ರಂಥ ಅಖಂಡವಾಗಿಲ್ಲ. ಗ್ರಾನೈಟಿನ ಮೇಲೆ ನೇರವಾಗಿ ಇಂದಿನ ಮಣ್ಣು ಕೂತಿದೆ. ನಡುವಣ ಅಪಾರ ಕಾಲದ ಪುಟಗಳು ಸವೆದುಹೋಗಿವೆ. ಅವುಗಳಲ್ಲಿ ಕೆಲವನ್ನು ಬಾದಾಮಿಯ ಮರಳುಶಿಲೆಯಲ್ಲಿಯೂ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಉಂಟಾದ ಉತ್ತರ ಕರ್ನಾಟಕದ ಕರಿಶಿಲೆಯಲ್ಲಿಯೂ ಓದಬೇಕು. ಕೊನೆಯ ಪುಟವಂತೂ ಮತ್ತೆ ಇಲ್ಲಿಯೇ ದೊರೆಯುತ್ತದೆ. ಹಂಪಿಯ ಬಳಿ ನಿಂಬಾಪುರದಲ್ಲಿ ವಾಲಿಯ ಚಿತಾಭಸ್ಮವೆಂದು ಜನರು ತೋರಿಸುವ ಬೂದಿದಿಬ್ಬವಿದೆ. ಬಳ್ಳಾರಿಯ ದಾರಿಯಲ್ಲಿ ಕುಡತಿನಿಯಲ್ಲಿಯೂ ಇಂತಹುದೇ ದಿಬ್ಬವಿದೆ. ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಯನ್ನು ಮತ್ತೆಮತ್ತೆ ಸುಟ್ಟದ್ದರಿಂದ ಇಂತಹ ದಿಬ್ಬಗಳು ಪದರಪದರವಾಗಿ ಬೆಳೆದವೆಂದು ಪ್ರಾಕ್ತನಶಾಸ್ತ್ರಜ್ಞರು ತೋರಿಸಿದ್ದಾರೆ. ಅಲ್ಲಿಯೂ ನಡೆಯುವುದು ಸ್ಟೆನೊನ ನಿಯಮವೇ.

ಹೊಣೆ

ನದಿ ಮಳೆಗಳು ಕಳೆದ ಪುಟಗಳಿಗಾಗಿ ಯಾರನ್ನೂ ದೂರುವಂತಿಲ್ಲ. ಮನುಷ್ಯನೇ ಹರಿಯುವ ಪುಟಗಳ ಮಾತು ಬೇರೆ. ಸಂಡೂರಿನ ಅದಿರು ಸಾವಿರಾರು ಮನೆಗಳ ಒಲೆ ಉರಿಸಿದೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಮಿತಿಮೀರಿದ ಅಗೆತದ ಫಲವನ್ನೂ ಈ ನಾಡು ಕಂಡಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ಅನಂತರ ಕಟ್ಟುಪಾಡುಗಳೊಡನೆ ಮತ್ತೆ ಅವಕಾಶವಿತ್ತಿತು. ಕಡಿದ ಮರವನ್ನು ಮತ್ತೆ ನೆಡಬಹುದು. ಒಡೆದ ಸ್ಟ್ರೊಮಾಟೊಲೈಟನ್ನು ಮತ್ತೆ ಬೆಳೆಸಲಾಗದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಉಳಿಸಿಕೊಂಡಂತೆ, ಈ ಸೀಮೆಯ ಆಯ್ದ ಶಿಲಾನೆಲೆಗಳನ್ನೂ ಉಳಿಸಿಕೊಳ್ಳುವುದು ಅಗತ್ಯ.

ಆ ಎಚ್ಚರ ಹುಟ್ಟುವುದು ಶಾಲೆಯಲ್ಲಿ. ವರ್ಷಕ್ಕೊಮ್ಮೆ ಮಕ್ಕಳನ್ನು ಬೆಟ್ಟದ ಬುಡಕ್ಕೆ ಕರೆದೊಯ್ದು, 'ಇದರಲ್ಲಿ ಯಾವುದು ಹಿರಿಯದು?' ಎಂಬ ಒಂದೇ ಪ್ರಶ್ನೆ ಕೇಳಿದರೂ ಸಾಕು, ಒಳ್ಳೆಯ ಪಾಠವೊಂದು ಮೊದಲಾಗುತ್ತದೆ. ಕೊಠಡಿಯ ಮೂಲೆಯಲ್ಲಿ ಹತ್ತು ಬಗೆಯ ಕಲ್ಲುಗಳನ್ನು ಹೆಸರು ಬರೆದಿಟ್ಟರೆ ಅದೇ ವಸ್ತುಸಂಗ್ರಹಾಲಯ. ಅದಕ್ಕೆ ದಾನಿಗಳ ಹಣಕ್ಕಿಂತ ಅಧ್ಯಾಪಕರ ಕಾಯಕನಿಷ್ಠೆ ಹೆಚ್ಚು ಬೇಕು. ಸ್ಥಾವರವೆಂದು ತೋರುವ ಬೆಟ್ಟವೂ ಕಾಲದ ಕಣ್ಣಿಗೆ ಜಂಗಮವೇ ಎಂಬ ಅರಿವು ಮಗುವಿನಲ್ಲಿ ಮೂಡಿದರೆ, ಅದು ನಾಳೆ ತಾನು ತುಳಿಯುವ ನೆಲವನ್ನು ಗೌರವದಿಂದ ತುಳಿದೀತು.