ಕಡಸು ಗಬ್ಬವಾಗಿದೆಯೇ, ಈಯುವ ದಿನ ಸಮೀಪಿಸಿದೆಯೇ?

ನಾಡಿ ತೋರಿಸಲು ಬರುವ ಸೇಡಂ, ಚಿಂಚೋಳಿ ಕಡೆಯ ಭಕ್ತರು ಮನೆಯ ಕಡಸಿನ ಮಾತನ್ನೂ ತೆಗೆಯುತ್ತಾರೆ. ಹೋರಿಗೆ ಬಿಡಿಸಿದ 21 ದಿನಗಳ ಸುಮಾರಿಗೆ ಮತ್ತೆ ಬೆದೆಗೆ ಬಾರದಿದ್ದರೆ ಗಬ್ಬವೆಂದೇ ಅವರ ನಂಬಿಕೆ. ಇದು ಅರ್ಧ ಸತ್ಯ. ಬೇಸಿಗೆಯಲ್ಲಿ ಬರಿಯ ಜೋಳದ ಕಣಿಕಿ ತಿಂದು ಸೊರಗಿದ ಕಡಸೂ ಬೆದೆಗೆ ಬರುವುದಿಲ್ಲ. ಹೊಟ್ಟೆಯ ಗಾತ್ರವಂತೂ ಮೋಸ ಮಾಡುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಪಶುವೈದ್ಯರಿಂದ ಪರೀಕ್ಷಿಸುವುದೇ ಸರಿ. ಗೊಡ್ಡೆಂದು ಸಂತೆಯಲ್ಲಿ ಮಾರಿದ ಕಡಸು ಕೊಂಡವನ ಮನೆಯಲ್ಲಿ ಈದದ್ದನ್ನು ನಾನು ಬಲ್ಲೆ.

ಹೋರಿಗೆ ಬಿಡಿಸಿದ ದಿನಾಂಕವನ್ನು ಬರೆದಿಡಬೇಕು. ಆಕಳಿಗೆ ಸುಮಾರು 280 ದಿನ, ಎಮ್ಮೆಗೆ 310. ಕಡಸಿನ ಕೆಚ್ಚಲು ತಿಂಗಳುಗಳ ಮೊದಲೇ ಬೆಳೆಯತೊಡಗುವುದರಿಂದ ಅದೊಂದನ್ನೇ ನಂಬಿ ರಾತ್ರಿಯೆಲ್ಲ ಕಾಯಬಾರದು. ಬಾಲದ ಬುಡದ ಎರಡೂ ಬದಿಯ ಬಿಗಿ ಸಡಿಲಗೊಂಡು ಕುಳಿ ಬೀಳುವುದು, ಯೋನಿ ಊದಿ ಲೋಳೆ ಇಳಿಯುವುದು, ಮೊಲೆಗಳು ತುಂಬಿ ಬಿಗಿಯುವುದು, ಇವು ಕೂಡಿ ಕಂಡರೆ ಒಂದೆರಡು ದಿನಗಳ ಮಾತು. ಆಗ ಶಹಾಬಾದ ಕಲ್ಲು ಹಾಸಿದ ಜಾರುವ ಕೊಟ್ಟಿಗೆಯಿಂದ ಬಿಚ್ಚಿ, ಒಣಹುಲ್ಲು ಹರಡಿದ ಮಣ್ಣುನೆಲದಲ್ಲಿ ಬಿಡಿರಿ.

ನೀರಿನ ಚೀಲ ಕಂಡು ಎರಡು ಗಂಟೆಯಾದರೂ ಕರು ಹೊರಬರುವ ಲಕ್ಷಣವಿಲ್ಲದಿದ್ದರೆ, ಕೈಹಾಕಿ ಎಳೆಯದೆ 1962ಕ್ಕೆ ಕರೆ ಮಾಡಿರಿ. ಬೇಗ ಈಯಲೆಂದು ನನ್ನಲ್ಲಿ ಕಷಾಯ ಕೇಳುವವರಿದ್ದಾರೆ. ಅಡ್ಡಬಿದ್ದ ಕರುವನ್ನು ಯಾವ ಕಷಾಯವೂ ತಿರುಗಿಸದು, ನಾನು ಕೊಡುವುದಿಲ್ಲ. ಕರು ಹುಟ್ಟಿದ ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿರಿ. ಮಾಸು ಬೀಳಲೆಂದು ಕಾಯುತ್ತ ಕೂಡಬೇಡಿರಿ.