ಪಾಸ್‌ವರ್ಡ್ ಬದಲಿಸಿದ ಮೇಲೆ ಅಕೌಂಟ್ ಲಾಕ್ ಆಗುತ್ತಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಸಂಶೋಧಕರು, ಅಧ್ಯಾಪಕರು ಮತ್ತು ಸಿಬ್ಬಂದಿಯ ಗಮನಕ್ಕೆ

ಹೊಸ ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತೀರಿ, ಆದರೂ ಅಕೌಂಟ್ ಲಾಕ್ ಆಗಿದೆ ಎಂದು ಬರುತ್ತದೆ. ಹೆಲ್ಪ್‌ಡೆಸ್ಕಿಗೆ ಹೇಳಿ ತೆಗೆಸಿಕೊಂಡ ಸ್ವಲ್ಪ ಹೊತ್ತಿಗೇ ಮತ್ತೆ ಲಾಕ್. ಪಾಸ್‌ವರ್ಡ್ ಬದಲಿಸಿದ ಬೆನ್ನಿಗೇ ಹೀಗಾದರೆ ಮೊದಲು ಅನುಮಾನಿಸಬೇಕಾದ್ದು ನಿಮ್ಮದೇ ಫೋನು, ಲ್ಯಾಪ್‌ಟಾಪುಗಳನ್ನು. ಅವುಗಳಲ್ಲಿ ಯಾವುದೋ ಒಂದು ಹಳೆಯ ಪಾಸ್‌ವರ್ಡನ್ನೇ ನಿಮಗೆ ತಿಳಿಯದಂತೆ ಸರ್ವರಿಗೆ ಕಳಿಸುತ್ತಿರುತ್ತದೆ. ತಪ್ಪು ಪ್ರಯತ್ನಗಳು ಮಿತಿ ಮುಟ್ಟಿದ ಕೂಡಲೇ ಲಾಗಿನ್‌ಗಳನ್ನು ಪರೀಕ್ಷಿಸುವ ಆಕ್ಟಿವ್ ಡೈರೆಕ್ಟರಿ ವ್ಯವಸ್ಥೆ ನಿಮ್ಮ ಅಕೌಂಟನ್ನು ಮುಚ್ಚುತ್ತದೆ. ತಪ್ಪು ಪಾಸ್‌ವರ್ಡ್ ಕಳಿಸಿದ್ದು ಕಳ್ಳನೋ, ನಿಮ್ಮ ಹಾಸ್ಟೆಲ್ ಕೋಣೆಯ ಟ್ಯಾಬ್ಲೆಟ್ಟೋ ಎಂಬ ಭೇದ ಅದಕ್ಕಿಲ್ಲ.

ಮಾಡಬೇಕಾದ್ದು

ಮೊಟ್ಟಮೊದಲು ನಿಮ್ಮ ಎಲ್ಲ ಸಾಧನಗಳನ್ನೂ ಏರೋಪ್ಲೇನ್ ಮೋಡಿಗೆ ಹಾಕಿ. ವೈಫೈ ಮಾತ್ರ ಆಫ್ ಮಾಡಿದರೆ ಸಾಲದು, ಮೇಲ್ ಆ್ಯಪ್ ಮೊಬೈಲ್ ಡೇಟಾದಲ್ಲೇ ಹಳೆಯ ಪಾಸ್‌ವರ್ಡ್ ಕಳಿಸುತ್ತದೆ. ಕೆಲವು ಫೋನುಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ವೈಫೈ ಆನ್ ಆಗಿಯೇ ಇರುತ್ತದೆ, ನೋಡಿಕೊಳ್ಳಿ. ಹೊಸದು ತಂದ ಮೇಲೆ ಮೂಲೆಗೆ ಬಿದ್ದಿರುವ ಹಳೆಯ ಫೋನನ್ನು ಮರೆಯಬೇಡಿ.

ಆಮೇಲೆ ಅಕೌಂಟಿನ ಲಾಕ್ ತೆಗೆಸಿಕೊಂಡು, ಒಂದೇ ಒಂದು ಕಂಪ್ಯೂಟರಿನಿಂದ ಲಾಗಿನ್ ಆಗಿ. ಅರ್ಧ ಗಂಟೆ ಲಾಕ್ ಆಗದೆ ಉಳಿದರೆ ಉಳಿದ ಸಾಧನಗಳನ್ನು ಒಂದೊಂದಾಗಿ ಆನ್ ಮಾಡುತ್ತ ಬನ್ನಿ. ಯಾವುದನ್ನು ಆನ್ ಮಾಡಿದಾಗ ಮತ್ತೆ ಲಾಕ್ ಆಗುತ್ತದೋ ತಪ್ಪು ಅಲ್ಲಿದೆ. ಬೇಸರದ ಕೆಲಸ, ನಿಜ. ಆದರೆ ಇದನ್ನು ಬಿಟ್ಟು ಊಹೆಯ ಮೇಲೆ ಓಡಾಡಿದವರ ದಿನವೇ ಹಾಳಾಗುತ್ತದೆ.

ಫೋನಿನಲ್ಲಿ ಮೊದಲು ಹುಡುಕಬೇಕಾದ ಜಾಗ ವೈಫೈ. ಎಡ್ಯುರೋಮ್‌ನಂಥ ಕ್ಯಾಂಪಸ್ ವೈಫೈಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವುದಿಲ್ಲ. ನಿಮ್ಮ ಅಕೌಂಟಿನದೇ ಅಲ್ಲಿಯೂ. ಲೈಬ್ರರಿ, ಕ್ಯಾಂಟೀನ್, ಹಾಸ್ಟೆಲ್, ಎಲ್ಲಿ ಸಿಗ್ನಲ್ ಸಿಕ್ಕರೂ ಫೋನು ಕಿಸೆಯೊಳಗಿಂದಲೇ ಲಾಗಿನ್‌ಗೆ ಯತ್ನಿಸುತ್ತದೆ. ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿನ ಎಡ್ಯುರೋಮ್ ಕೂಡ ಪಾಸ್‌ವರ್ಡ್ ಪರೀಕ್ಷೆಗೆ ನಮ್ಮ ಸರ್ವರಿಗೇ ಕಳಿಸುತ್ತದೆ. ಹೀಗಾಗಿ ಸಮ್ಮೇಳನಕ್ಕೆ ಹೋದವರ ಅಕೌಂಟ್ ಅಲ್ಲಿಂದಲೇ ಲಾಕ್ ಆಗಬಹುದು. ‘ಫರ್ಗೆಟ್’ ಒತ್ತಿ ಆ ನೆಟ್‌ವರ್ಕನ್ನು ಪೂರ್ತಿ ತೆಗೆದು, ಹೊಸದಾಗಿ ಸೇರಿಸಿ.

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು ವಿಶ್ವವಿದ್ಯಾಲಯದ ಹೆಸರಿನಲ್ಲಿರುವುದನ್ನೆಲ್ಲ ಅಳಿಸಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಬ್ರೌಸರಿನಲ್ಲಿ ಉಳಿಸಿದ್ದನ್ನೂ ಸರಿಪಡಿಸಿ. ಅದು ಗೂಗಲ್ ಅಥವಾ ಐಕ್ಲೌಡ್ ಮೂಲಕ ನಿಮ್ಮ ಬೇರೆ ಸಾಧನಗಳಿಗೂ ಹೋಗುತ್ತದೆ.

ಸಂಶೋಧಕರು ಲ್ಯಾಬಿನ ಕಂಪ್ಯೂಟರುಗಳನ್ನು ನೆನೆಸಿಕೊಳ್ಳಿ. ರಿಮೋಟ್ ಡೆಸ್ಕ್‌ಟಾಪ್ ಕಿಟಕಿ ಮುಚ್ಚಿದ ಮಾತ್ರಕ್ಕೆ ಲಾಗಿನ್ ಮುಗಿಯುವುದಿಲ್ಲ, ಅದು ಹಳೆಯ ಪಾಸ್‌ವರ್ಡಿನೊಂದಿಗೆ ಅಲ್ಲೇ ನಡೆಯುತ್ತಿರುತ್ತದೆ. ಸೈನ್ ಔಟ್ ಮಾಡಲೇಬೇಕು. ನಿಮ್ಮ ಹೆಸರಿನಲ್ಲಿ ರಾತ್ರಿ ತಾನಾಗಿ ಓಡುವ ಬ್ಯಾಕಪ್ ಕೆಲಸಗಳಿದ್ದರೆ ಅವುಗಳಲ್ಲೂ ಪಾಸ್‌ವರ್ಡ್ ಬದಲಿಸಿ.

ಮಾಡಬಾರದ್ದು

ಲಾಕ್ ಆದ ಮೇಲೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಆಗ ಸರಿಯಾದ ಪಾಸ್‌ವರ್ಡನ್ನೂ ಸರ್ವರ್ ಒಪ್ಪುವುದಿಲ್ಲ.

ಗಾಬರಿಯಲ್ಲಿ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಬೇಡಿ. ಆಗಲೇ ಸರಿಪಡಿಸಿದ್ದ ಸಾಧನಗಳೂ ಹಳೆಯದನ್ನು ಕಳಿಸತೊಡಗುತ್ತವೆ, ಹುಡುಕುವ ಕೆಲಸ ಮೊದಲಿನಿಂದ ಶುರು. ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನ ಹೀಗೆ ಸಿಕ್ಕಿಬಿದ್ದವರ ಸಂಕಟ ನೋಡಲಾಗದು. ಅಂಥ ದಿನಗಳ ಹಿಂದುಮುಂದಿನಲ್ಲಿ ಪಾಸ್‌ವರ್ಡ್ ಬದಲಿಸಲೇಬೇಡಿ. ಪಾಸ್‌ವರ್ಡಿನ ಅವಧಿ ಮುಗಿಯುತ್ತಿದೆ ಎಂಬ ಸೂಚನೆ ಬಂದಾಗಲೇ ಮುಗಿಸಿ. ಪಾಸ್‌ವರ್ಡ್ ಕದ್ದುಹೋಗಿದೆ ಎಂಬ ಅನುಮಾನವಿದ್ದರೆ ಮಾತ್ರ ದಿನ ನೋಡದೆ ಬದಲಿಸಿ.

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಸೇರಿಸುವಾಗ ಸರ್ಟಿಫಿಕೇಟ್ ಪರಿಶೀಲನೆ ಬೇಡವೆಂದು ಆಯ್ದುಕೊಳ್ಳಕೂಡದು. ಅದೇ ಹೆಸರಿನ ನಕಲಿ ವೈಫೈ ಇಟ್ಟವರು ಹೊಸ ಪಾಸ್‌ವರ್ಡನ್ನು ಕದಿಯಲು ಅಷ್ಟೇ ಸಾಕು. ಸೀನಿಯರ್ ಹೇಳಿಕೊಟ್ಟ ಸುಲಭದ ದಾರಿ ಅದಾಗಿದ್ದರೂ ಬೇಡ.

‘ಅಕೌಂಟ್ ತೆರೆಯಲು ಇಲ್ಲಿ ಒತ್ತಿ’ ಎಂದು ಬರುವ ಮೇಲ್, ಎಸ್‌ಎಂಎಸ್‌ಗಳ ಲಿಂಕ್ ಮುಟ್ಟಬೇಡಿ. ಹೆಲ್ಪ್‌ಡೆಸ್ಕಿನ ಯಾರೂ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ. ಕೇಳಿದರೆ ಕೊಡಬೇಡಿ. ನಿಮಗೊಬ್ಬರಿಗೆ ಮಿತಿ ಸಡಿಲಿಸಿ ಎಂದೂ ಕೇಳಬೇಡಿ, ನಿಮ್ಮ ಪಾಸ್‌ವರ್ಡನ್ನು ಊಹಿಸಲು ಕೂತವರನ್ನು ತಡೆಯುವುದು ಅದೇ ಮಿತಿ.

ಎಲ್ಲ ಸಾಧನಗಳೂ ಆಫ್ ಆಗಿರುವಾಗಲೂ ಲಾಕ್ ಆದರೆ ತಡಮಾಡದೆ ಗುರುತಿನ ಚೀಟಿಯೊಂದಿಗೆ ಹೆಲ್ಪ್‌ಡೆಸ್ಕಿಗೆ ಬನ್ನಿ. ಲಾಕ್ ಆದ ಸಮಯ ಮತ್ತು ನಿಮ್ಮ ಸಾಧನಗಳ ಪಟ್ಟಿ ಬರೆದು ತನ್ನಿ. ಲಾಕ್ ಆದಾಗ ಸರ್ವರ್ ಬರೆದಿಡುವ ದಾಖಲೆಯಲ್ಲಿ (ಇವೆಂಟ್ ಐಡಿ 4740), ಸಾಮಾನ್ಯವಾಗಿ, ತಪ್ಪು ಪಾಸ್‌ವರ್ಡ್ ಎಲ್ಲಿಂದ ಬಂತೆಂಬ ಹೆಸರಿರುತ್ತದೆ. ಸಮಯ ಗೊತ್ತಿದ್ದರೆ ಅದನ್ನು ಬೇಗ ಹುಡುಕಬಹುದು. ಅಲ್ಲಿ ಕಂಡ ಕಂಪ್ಯೂಟರ್ ನಿಮಗೆ ಪರಿಚಯವಿಲ್ಲದ್ದಾದರೆ ಅದನ್ನು ಅಲ್ಲಿಯೇ ಸಿಬ್ಬಂದಿಗೆ ಹೇಳಿ, ಅವರ ಎದುರಿನಲ್ಲೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿಸಿಕೊಂಡು ಹೋಗಿ.